ತೂಕ ಇಳಿಕೆಯಲ್ಲಿ ಶಕ್ತಿ ವ್ಯಾಯಾಮ

ಶಕ್ತಿ ವ್ಯಾಯಾಮ: ಮಾಂಸಖಂಡಗಳಿಗೆ ಸಲೀಸಾಗಿ ಸಾಗದಷ್ಟು ಭಾರ ಕೊಟ್ಟು, ಆ ಭಾರವನ್ನು ದಿನ ಕಳೆದಂತೆ ಸ್ವಲ್ಪಸ್ವಲ್ಪವೇ ಏರಿಸುತ್ತ ಮೈಗೆ ಬಲ ತುಂಬುವ ಅಭ್ಯಾಸ. ತೂಕ ಇಳಿಸಲು ಹೊರಟವರಿಗೆ ಇದರಿಂದ ಆಗುವ ಉಪಕಾರ ತಕ್ಕಡಿಯ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಎಷ್ಟು ಕಿಲೋ ಇಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಊಟದ ತಟ್ಟೆ ತೀರ್ಮಾನಿಸುತ್ತದೆ; ಇಳಿದ ಕಿಲೋಗಳಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು ಎಂಬುದು ಬಹುಪಾಲು ಶಕ್ತಿ ವ್ಯಾಯಾಮದ ಕೈಯಲ್ಲಿದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸೀಮೆಗೆ ಈ ಅಭ್ಯಾಸ ಹೊಸದಲ್ಲ. ಗರಡಿಮನೆಯ ಸಾಮು, ಗದೆ, ಬಸ್ಕಿಗಳ ರೂಪದಲ್ಲಿ ಅದು ತಲೆಮಾರುಗಳಿಂದ ಬಂದಿದೆ. ಮೈ ಬೆಳೆಸಲೆಂದು ಮಾಡುತ್ತಿದ್ದ ಕಸರತ್ತನ್ನೇ ಈಗ ಮೈ ಇಳಿಸುವವರೂ ಮಾಡಬೇಕಾಗಿ ಬಂದಿರುವುದಷ್ಟೇ ಹೊಸತು.

ಅರ್ಥ ಮತ್ತು ವ್ಯಾಪ್ತಿ

ನಡಿಗೆ, ಓಟ, ಸೈಕಲ್, ಈಜು ಮುಂತಾದವು ಹೃದಯ ಮತ್ತು ಶ್ವಾಸಕೋಶಗಳ ಕಸುವು ಬೆಳೆಸುವ ವ್ಯಾಯಾಮಗಳು. ಒಂದೇ ಚಲನೆಯನ್ನು ಹಗುರವಾಗಿ ಸಾವಿರಾರು ಸಲ ಮಾಡುವುದು ಅವುಗಳ ಲಕ್ಷಣ. ಶಕ್ತಿ ವ್ಯಾಯಾಮದಲ್ಲಿ ಚಲನೆ ಕೆಲವೇ ಸಲ, ಭಾರ ಹೆಚ್ಚು. ಎಂಟು ಹತ್ತು ಸಲ ಎತ್ತಿಳಿಸಿದ ಮೇಲೆ ಇನ್ನೆರಡು ಸಲಕ್ಕಿಂತ ಹೆಚ್ಚು ತನ್ನಿಂದಾಗದು ಎನಿಸಿದರೆ ಭಾರ ಸರಿಯಾಗಿದೆ ಎಂದರ್ಥ.

ಭಾರ ಕಬ್ಬಿಣದ್ದೇ ಆಗಬೇಕೆಂದಿಲ್ಲ. ಹಿಂದೆ ಮೇಷ್ಟ್ರು ಕಿವಿ ಹಿಡಿಸಿ ಹೊಡೆಸುತ್ತಿದ್ದ ಬಸ್ಕಿಯೂ, ಗರಡಿಯಲ್ಲಿ ಹೊಡೆಯುವ ದಂಡವೂ ಶಕ್ತಿ ವ್ಯಾಯಾಮಗಳೇ. ಅವುಗಳಲ್ಲಿ ಸ್ವಂತ ಮೈಯೇ ಭಾರ. ಮರಳು ತುಂಬಿದ ಚೀಲ, ನೀರಿನ ಕ್ಯಾನು, ರಬ್ಬರ್ ಪಟ್ಟಿ, ಡಂಬೆಲ್, ಬಾರ್‌ಬೆಲ್, ಜಿಮ್ಮಿನ ಯಂತ್ರ ಎಲ್ಲವೂ ಆಗುತ್ತವೆ. ಈ ವ್ಯಾಯಾಮದ ಜೀವಾಳವಿರುವುದು ಭಾರವನ್ನು ಕ್ರಮವಾಗಿ ಏರಿಸುವುದರಲ್ಲಿ. ವರ್ಷವಿಡೀ ಒಂದೇ ಭಾರವನ್ನು ಅಷ್ಟೇ ಸಲ ಎತ್ತುತ್ತಿದ್ದರೆ ಮೈ ಅದಕ್ಕೆ ಒಗ್ಗಿಕೊಂಡು ಅಲ್ಲಿಗೇ ನಿಂತುಬಿಡುತ್ತದೆ. ಮೊದಲ ಕೆಲವು ವಾರಗಳಲ್ಲಿ ಏರುವ ಬಲಕ್ಕೆ ಹೆಚ್ಚಾಗಿ ನರಮಂಡಲ ಕಾರಣ: ಇರುವ ಸ್ನಾಯುತಂತುಗಳನ್ನೇ ಒಟ್ಟಾಗಿ ದುಡಿಸುವುದನ್ನು ಮೈ ಕಲಿಯುತ್ತದೆ. ಮಾಂಸಖಂಡ ಕಣ್ಣಿಗೆ ಕಾಣುವಷ್ಟು ಬೆಳೆಯುವುದು ಅದಾದ ಮೇಲೆ.

ತಕ್ಕಡಿ ಹೇಳದ ಲೆಕ್ಕ

ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲರಿ ಶಕ್ತಿ ಅಡಗಿರುತ್ತದೆ. ಅದು ಕರಗಬೇಕಾದರೆ ಅಷ್ಟು ಶಕ್ತಿಯ ಕೊರತೆ ಬೀಳಬೇಕು: ತಿನ್ನುವುದು ಕಡಿಮೆಯಾಗಬೇಕು, ಇಲ್ಲವೇ ಖರ್ಚಾಗುವುದು ಹೆಚ್ಚಬೇಕು. ಖರ್ಚಿನ ಕಡೆಯಿಂದ ನೋಡಿದರೆ ಶಕ್ತಿ ವ್ಯಾಯಾಮ ಅಂಥ ದೊಡ್ಡ ಖರ್ಚುಗಾರನಲ್ಲ. 70 ಕಿಲೋ ತೂಕದ ವ್ಯಕ್ತಿ ಅರ್ಧ ಗಂಟೆ ಸಾಧಾರಣ ಭಾರದಲ್ಲಿ ಕಸರತ್ತು ಮಾಡಿದರೆ ಸುಮಾರು 120 ಕಿಲೋಕ್ಯಾಲರಿ ಖರ್ಚಾಗುತ್ತದೆ. ಅದೇ ವ್ಯಕ್ತಿ ಒಂದು ಗಂಟೆ ಬಿರುಸಾಗಿ ನಡೆದರೆ ಸುಮಾರು 280.

ಮಾಂಸಖಂಡ ಬೆಳೆಸಿಕೊಂಡರೆ ಮಲಗಿದ್ದಾಗಲೂ ಕೊಬ್ಬು ಕರಗುತ್ತದೆ ಎಂಬ ಮಾತು ಜಿಮ್ಮುಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ಸತ್ಯ ಇರುವುದು ಸ್ವಲ್ಪವೇ. ವಿಶ್ರಾಂತಿಯಲ್ಲಿರುವಾಗ ಒಂದು ಕಿಲೋ ಮಾಂಸಖಂಡ ದಿನಕ್ಕೆ ಸುಮಾರು 13 ಕಿಲೋಕ್ಯಾಲರಿ ಬಳಸುತ್ತದೆ, ಒಂದು ಕಿಲೋ ಕೊಬ್ಬು ನಾಲ್ಕೂವರೆ. ತಿಂಗಳುಗಟ್ಟಲೆ ಬೆವರಿಳಿಸಿ ಎರಡು ಕಿಲೋ ಮಾಂಸಖಂಡ ಸಂಪಾದಿಸಿದರೂ ದಿನಕ್ಕೆ ಹೆಚ್ಚುವ ಖರ್ಚು 26 ಕಿಲೋಕ್ಯಾಲರಿ. 100 ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ ಸುಮಾರು 320 ಇರುತ್ತದೆ; ಅಂದರೆ ಆ ಸಂಪಾದನೆಯೆಲ್ಲ ಮುದ್ದೆಯ ಒಂದು ತುತ್ತಿಗೆ ವಜಾ.

ಹಾಗಿದ್ದರೂ ಈ ವ್ಯಾಯಾಮ ಏಕೆ ಬೇಕು? ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಮೈ ಕೊಬ್ಬನ್ನಷ್ಟೇ ಕರಗಿಸುವುದಿಲ್ಲ. ಇಳಿದ ತೂಕದಲ್ಲಿ ಸುಮಾರು ಕಾಲುಭಾಗ ಕೊಬ್ಬೇತರ ಅಂಶ; ಮಾಂಸಖಂಡ ಅದರಲ್ಲಿ ಸೇರುತ್ತದೆ. ಎಂಟು ಕಿಲೋ ಇಳಿದವರು ಹೀಗೆ ಎರಡು ಕಿಲೋದಷ್ಟು ಕೊಬ್ಬೇತರ ಅಂಶವನ್ನು ಕಳೆದುಕೊಂಡಿರಬಹುದು. ಮುಂದೆ ಪಥ್ಯ ತಪ್ಪಿ ತೂಕ ಮರಳಿದಾಗ ಬರುವುದು ಹೆಚ್ಚಾಗಿ ಕೊಬ್ಬು. ತಕ್ಕಡಿಯ ಮೇಲೆ ಮೊದಲಿನಷ್ಟೇ ತೂಕ ಕಂಡರೂ ಮೈ ಮೊದಲಿಗಿಂತ ಸಡಿಲವಾಗಿರುತ್ತದೆ. ಬರಗಾಲದಲ್ಲಿ ಮೈ ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಲೆಕ್ಕ ಹಾಕುವಾಗ, ದಿನವೂ ದುಡಿಯುತ್ತಿರುವ ಸ್ನಾಯುವಿಗೆ ಮೊದಲ ಮಣೆ. ಶಕ್ತಿ ವ್ಯಾಯಾಮ ಆ ಮಣೆಯನ್ನು ಹಾಕಿಕೊಡುತ್ತದೆ.

ಇನ್ನೊಂದು ಲಾಭ ಸಕ್ಕರೆ ಕಾಯಿಲೆಯವರಿಗೆ. ಊಟದ ನಂತರ ರಕ್ತಕ್ಕೆ ಬರುವ ಗ್ಲೂಕೋಸನ್ನು ಹೀರಿಕೊಳ್ಳುವ ಮುಖ್ಯ ಅಂಗಾಂಶಗಳಲ್ಲಿ ಮಾಂಸಖಂಡ ಒಂದು. ಸ್ನಾಯು ಸಂಕುಚಿಸುವಾಗ ಇನ್ಸುಲಿನ್ನಿನ ನೆರವಿಲ್ಲದೆಯೂ ಗ್ಲೂಕೋಸ್ ಒಳಸೇರುವ ದಾರಿ ತೆರೆದುಕೊಳ್ಳುತ್ತದೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ಈ ಲಾಭ ಸಿಗುತ್ತದೆ.

ಸಂಶೋಧನೆಗಳು

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ತೂಕದ 119 ಜನರನ್ನು ಎಂಟು ತಿಂಗಳು ಮೂರು ಗುಂಪುಗಳಲ್ಲಿ ಪರೀಕ್ಷಿಸಲಾಯಿತು. ನಡಿಗೆ, ಓಟದಂಥ ವ್ಯಾಯಾಮ ಮಾಡಿದವರ ಕೊಬ್ಬು ಇಳಿಯಿತು. ಭಾರವನ್ನಷ್ಟೇ ಎತ್ತಿದವರ ಮಾಂಸಖಂಡ ಬೆಳೆಯಿತು; ಕೊಬ್ಬಿನಲ್ಲಿ ಹೇಳಿಕೊಳ್ಳುವಂಥ ಇಳಿಕೆಯಾಗಲಿಲ್ಲ. ಎರಡನ್ನೂ ಮಾಡಿದವರಿಗೆ ಎರಡೂ ದಕ್ಕಿತು. ಊಟ ಬದಲಿಸದೆ ಬರೀ ಭಾರ ಎತ್ತಿದರೆ ತೂಕ ಇಳಿಯದು ಎಂಬುದಕ್ಕೆ ಈ ಅಧ್ಯಯನವನ್ನು ಆಗಾಗ ಉದಾಹರಿಸುತ್ತಾರೆ.

ಊಟವೂ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ 2017ರಲ್ಲಿ ಸಂಶೋಧಕ ವಿಲಾರಿಯಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ. ಬೊಜ್ಜಿದ್ದ 160 ಹಿರಿಯರು ಅದರಲ್ಲಿ ಭಾಗವಹಿಸಿದ್ದರು. ಪಥ್ಯದ ಜೊತೆಗೆ ವ್ಯಾಯಾಮ ಮಾಡಿದ ಮೂರೂ ಗುಂಪುಗಳಲ್ಲಿ ತೂಕ ಶೇ. 9ರಷ್ಟು ಇಳಿಯಿತು. ತಕ್ಕಡಿಯ ಮೇಲೆ ಮೂರೂ ಸಮಾನ. ಒಳಗಿನ ಲೆಕ್ಕ ಬೇರೆಯೇ ಇತ್ತು: ನಡಿಗೆಯ ಗುಂಪಿನವರು ಕೊಬ್ಬೇತರ ಅಂಶದಲ್ಲಿ ಶೇ. 5 ಕಳೆದುಕೊಂಡರೆ, ಭಾರ ಎತ್ತಿದವರು ಕಳೆದುಕೊಂಡದ್ದು ಶೇ. 2, ಎರಡನ್ನೂ ಮಾಡಿದವರು ಶೇ. 3. ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಏಳುವುದು ಮುಂತಾದ ಚಟುವಟಿಕೆಗಳ ಪರೀಕ್ಷೆಯಲ್ಲಿ ಎರಡನ್ನೂ ಮಾಡಿದ ಗುಂಪೇ ಮುಂದಿತ್ತು.

ತೂಕ ಇಳಿಸುವ ಚುಚ್ಚುಮದ್ದುಗಳ ಬಳಕೆ ಹಬ್ಬುತ್ತಿರುವ ಈ ಹೊತ್ತಿನಲ್ಲಿ ಮಾಂಸಖಂಡ ಉಳಿಸಿಕೊಳ್ಳುವ ಮಾತಿಗೆ ತೂಕ ಹೆಚ್ಚಿದೆ. ಅವುಗಳಲ್ಲೊಂದಾದ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಈ ಬಗೆಯ ಔಷಧಗಳ ಪ್ರಯೋಗಗಳಲ್ಲಿ ಇಳಿದ ತೂಕದ ಕಾಲುಭಾಗದಿಂದ ಐದರಲ್ಲಿ ಎರಡು ಪಾಲಿನವರೆಗೆ ಕೊಬ್ಬೇತರ ಅಂಶವಿತ್ತು. ಹಸಿವನ್ನು ಮದ್ದು ತಗ್ಗಿಸಬಲ್ಲದು; ಮಾಂಸಖಂಡಕ್ಕೆ ಕಾವಲು ಬೇರೆ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆಯನ್ನೂ, ಕನಿಷ್ಠ ಎರಡು ದಿನ ಮುಖ್ಯ ಸ್ನಾಯುಗಳಿಗೆಲ್ಲ ಬಲ ಕೊಡುವ ವ್ಯಾಯಾಮವನ್ನೂ ಹೇಳಿದೆ.

ಗರಡಿಮನೆಯ ಪರಂಪರೆ

ಕನ್ನಡನಾಡಿನಲ್ಲಿ ಮಲ್ಲವಿದ್ಯೆಗೆ ಹಳೆಯ ದಾಖಲೆಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರ ದರ್ಜೆ, ಅಭ್ಯಾಸ, ಆಹಾರಗಳನ್ನು ಕುರಿತ ಭಾಗವೇ ಇದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆಚರಣೆ ಆರಂಭಿಸಿದರು. ಮೈಸೂರು ಸಂಸ್ಥಾನದ ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗಕ್ಕೆ ವಿಶೇಷ ಸ್ಥಾನ ಸಿಕ್ಕಿತು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲಿಸುವ ಪದ್ಧತಿ ಇಂದಿಗೂ ಇದೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರ್ರಿ ಅಲ್ಲಿ ಕಂಡ ಜಟ್ಟಿಗಳ ಕಾಳಗವನ್ನು ತನ್ನ ನೆನಪುಗಳಲ್ಲಿ ವರ್ಣಿಸಿದ್ದಾನೆ.

ಊರ ಗರಡಿಯ ದಿನಚರಿ ನಸುಕಿನಲ್ಲಿ ಶುರುವಾಗುತ್ತದೆ. ಆಂಜನೇಯನ ಮುಂದೆ ದೀಪ ಹಚ್ಚಿ, ಲಂಗೋಟಿ ಬಿಗಿದು, ಮೊದಲು ಗುದ್ದಲಿ ಹಿಡಿಯಬೇಕು. ಎಣ್ಣೆ, ಅರಿಸಿನ, ಮಜ್ಜಿಗೆ ಸೇರಿಸಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿಯನ್ನು ಅಗೆದು ಸಡಿಲಿಸುವುದೇ ಮೊದಲ ವ್ಯಾಯಾಮ. ಬೆನ್ನು, ಭುಜ, ತೊಡೆಗಳಿಗೆ ಅಷ್ಟರಲ್ಲೇ ಬಿಸಿ ಹತ್ತಿರುತ್ತದೆ. ಆಮೇಲೆ ದಂಡ, ಬಸ್ಕಿ. ನಂತರ ಗದೆ: ಉದ್ದನೆಯ ಹಿಡಿಯ ತುದಿಗೆ ಕೂರಿಸಿದ ಗುಂಡನ್ನು ಬೆನ್ನ ಹಿಂದಿನಿಂದ ಸುತ್ತಿಸಿ ಭುಜದ ಮೇಲೆ ತಂದು ನಿಲ್ಲಿಸುವುದು. ಗುಂಡು ಹಿಡಿಯಿಂದ ದೂರವಿರುವುದರಿಂದ ಚಿಕ್ಕ ಗದೆಯೂ ಮುಂಗೈಯನ್ನು ದೊಡ್ಡದಾಗಿ ಪರೀಕ್ಷಿಸುತ್ತದೆ. ಮರದ ಲೋಡು ತಿರುಗಿಸುವುದು, ಕಲ್ಲುಗುಂಡು ಎತ್ತುವುದು, ಕೊನೆಗೆ ಜೋಡಿಯೊಡನೆ ಪಟ್ಟು. ಸಣ್ಣ ಗುಂಡನ್ನು ಸಲೀಸಾಗಿ ಎತ್ತುವವರೆಗೆ ಹುಡುಗರನ್ನು ದೊಡ್ಡದರ ಹತ್ತಿರ ಬಿಡದ ಉಸ್ತಾದರ ಶಿಸ್ತು, ಇಂದಿನ ಕ್ರೀಡಾವಿಜ್ಞಾನ ಹೇಳುವ ಕ್ರಮಬದ್ಧ ಭಾರವೇರಿಕೆಯೇ.

ಗರಡಿಯ ಊಟ ಮಾತ್ರ ತೂಕ ಇಳಿಸುವವರಿಗೆ ಮಾದರಿಯಲ್ಲ. ಹಾಲು, ತುಪ್ಪ, ಬಾದಾಮಿ, ಮಾಂಸ, ಮೊಟ್ಟೆಗಳ ಧಾರಾಳ ಊಟ ಪೈಲ್ವಾನನ ಮೈ ಬೆಳೆಸಲೆಂದೇ ಇದ್ದದ್ದು. ಸಾಮು ಬಿಟ್ಟ ಮೇಲೂ ಊಟ ಬಿಡದ ಪೈಲ್ವಾನನ ಹೊಟ್ಟೆ ಮುಂದೆ ಬರುವುದನ್ನು ಈ ಸೀಮೆಯ ಜನ ಕಂಡೇ ಇದ್ದಾರೆ. ಮಾಂಸಖಂಡ ಕೊಬ್ಬಾಗಿ ಮಾರ್ಪಡುತ್ತದೆ ಎಂದು ಅದಕ್ಕೆ ಕಾರಣ ಹೇಳುವುದುಂಟು. ಎರಡೂ ಬೇರೆ ಬೇರೆ ಅಂಗಾಂಶಗಳು, ಒಂದು ಇನ್ನೊಂದಾಗದು. ದುಡಿಮೆ ನಿಂತು ಸ್ನಾಯು ಸೊರಗುತ್ತದೆ, ತಿಂದದ್ದು ಉಳಿದು ಕೊಬ್ಬು ಕೂಡುತ್ತದೆ, ಅಷ್ಟೇ.

ಹಳೆಯ ಗರಡಿಗೂ ಹೊಸ ಜಿಮ್ಮಿಗೂ ನಡುವಿನ ಕೊಂಡಿಯಾಗಿ ಕೆ. ವಿ. ಅಯ್ಯರ್ (1897–1980) ನಿಲ್ಲುತ್ತಾರೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಬಾರ್‌ಬೆಲ್ ಅಭ್ಯಾಸ ಮತ್ತು ಸೂರ್ಯನಮಸ್ಕಾರಗಳನ್ನು ಒಟ್ಟಿಗೆ ಕಲಿಸಿ, ಅಂಗಸಾಧನೆಯ ಬಗ್ಗೆ 1930ರ ದಶಕದಲ್ಲಿ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದವರು ಅವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವೂ ಅವರಿಗಿತ್ತು. ಕನ್ನಡಿಗರು ಅವರನ್ನು ಹೆಚ್ಚಾಗಿ ಬಲ್ಲದ್ದು 'ಶಾಂತಲಾ' ಕಾದಂಬರಿಯಿಂದ. ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳ ಇತಿಹಾಸದೊಂದಿಗೆ ಬೆಸೆದುಕೊಂಡ ಹೊಯ್ಸಳ ವಿಷ್ಣುವರ್ಧನನ ರಾಣಿಯ ಕಥೆಯನ್ನು ಬರೆದವರು ಕಬ್ಬಿಣದ ಭಾರ ಎತ್ತಿ ಮೈಕಟ್ಟು ಬೆಳೆಸಿದವರು ಎಂಬುದು ಹಲವರಿಗೆ ಗೊತ್ತಿಲ್ಲ.

ದುಡಿಮೆ ತಗ್ಗಿದ ಕಾಲ

ನಾಲ್ಕು ತಾಲ್ಲೂಕುಗಳ ನೆಲ ಒಂದೇ ತೆರನಲ್ಲ. ಶ್ರೀರಂಗಪಟ್ಟಣಕ್ಕೆ ಕಾವೇರಿಯ ಹಳೆಯ ಚಿಕ್ಕದೇವರಾಯ ಸಾಗರ ಮತ್ತು ವಿರಿಜಾ ನಾಲೆಗಳಿವೆ. ಕನ್ನಂಬಾಡಿ ಕಟ್ಟೆ ಕಟ್ಟಿದ ಮೇಲೆ ವಿಶ್ವೇಶ್ವರಯ್ಯ ನಾಲೆಯ ನೀರು ಪಾಂಡವಪುರದ ಕಡೆಯ ಬಯಲುಗಳನ್ನು ಕಬ್ಬು, ಭತ್ತಗಳ ಗದ್ದೆಗಳನ್ನಾಗಿಸಿತು. ಕೃಷ್ಣರಾಜಪೇಟೆಗೆ ಹೇಮಾವತಿ ಇದೆ, ಹೇಮಗಿರಿ ಮತ್ತು ಮಂದಗೆರೆಯ ಅಣೆಕಟ್ಟೆಗಳಿವೆ. ನಾಗಮಂಗಲ ಹೆಚ್ಚಾಗಿ ಮಳೆ ನಂಬಿದ ಬೆದ್ದಲು: ರಾಗಿ, ಹುರುಳಿ, ತೆಂಗು. ಒಂದು ಕಡೆ ಕಬ್ಬಿನ ಕಂತೆ ಹೊರುವುದು, ಆಲೆಮನೆಯ ಕೊಪ್ಪರಿಗೆ ಇಳಿಸುವುದು, ಇನ್ನೊಂದು ಕಡೆ ರಾಗಿ ಹೊರೆ, ಒಕ್ಕಣೆ. ಹೆಂಗಸರಿಗೆ ಎಲ್ಲ ಕಡೆಯೂ ಬೀಸುವ ಕಲ್ಲು, ಒನಕೆ, ಸೇದುವ ಬಾವಿ, ಸೊಂಟದ ಮೇಲೆ ನೀರಿನ ಕೊಡ.

ಈ ಭಾರಗಳೆಲ್ಲ ಒಂದು ತಲೆಮಾರಿನೊಳಗೆ ಕೈಬಿಟ್ಟವು. ಹಿಟ್ಟಿಗೆ ಮಿಲ್ಲು, ಖಾರಕ್ಕೆ ಮಿಕ್ಸಿ, ನೀರಿಗೆ ನಲ್ಲಿ, ಉಳುಮೆಗೆ ಟ್ರ್ಯಾಕ್ಟರ್, ಭತ್ತದ ಕೊಯ್ಲಿಗೆ ಬಾಡಿಗೆ ಯಂತ್ರ, ಕಬ್ಬು ಕಡಿಯಲು ಹೊರ ಜಿಲ್ಲೆಗಳಿಂದ ಬರುವ ಆಳುಗಳು, ತೋಟಕ್ಕೆ ಹೋಗಿಬರಲು ಬೈಕು. ನಡು ಮುರಿಯುವ ದುಡಿಮೆ ತಪ್ಪಿದ್ದು ದೊಡ್ಡ ಬಿಡುಗಡೆಯೇ. ಆದರೆ ದುಡಿಮೆಗೆಂದು ಅಳತೆಯಾಗಿದ್ದ ಮುದ್ದೆ, ಅನ್ನಗಳ ಪ್ರಮಾಣ ತಟ್ಟೆಯಲ್ಲಿ ಹಾಗೇ ಉಳಿಯಿತು. ಮೇಲೆ ಬೇಕರಿ ತಿಂಡಿ, ಎಣ್ಣೆಯಲ್ಲಿ ಕರಿದದ್ದು ಸೇರಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ ವಯಸ್ಕ ಗಂಡಸರಲ್ಲೂ ಹೆಂಗಸರಲ್ಲೂ ನೂರಕ್ಕೆ ಸುಮಾರು 30 ಮಂದಿ ಹೆಚ್ಚು ತೂಕದವರು. ದೇಶದ ಸರಾಸರಿ ಹೆಂಗಸರಲ್ಲಿ ಶೇ. 24, ಗಂಡಸರಲ್ಲಿ ಶೇ. 22.9.

ಹೊಲದ ಕೆಲಸವೇ ವ್ಯಾಯಾಮವಾಗುವುದಾದರೆ ಬೇರೆ ಕಸರತ್ತು ಯಾಕೆ ಎಂದು ಕೇಳುವವರಿದ್ದಾರೆ. ದುಡಿಮೆಯಿಂದ ಶಕ್ತಿ ಖರ್ಚಾಗುತ್ತದೆ ನಿಜ. ಆದರೆ ಕಬ್ಬು ಕಡಿಯುವವರ ಬಲಗೈ, ಬಗ್ಗಿದ ನಡು ದಿನವಿಡೀ ದುಡಿದರೆ ಉಳಿದ ಸ್ನಾಯುಗಳಿಗೆ ಪಾಲು ಸಿಗುವುದಿಲ್ಲ. ಭಾರ ಎಷ್ಟಿರಬೇಕೆಂದು ನಿರ್ಧರಿಸುವುದು ಮೈಯ ಅಳವಲ್ಲ, ಕೆಲಸ. ನಡುವೆ ಚೇತರಿಕೆಯ ದಿನವೂ ಇರುವುದಿಲ್ಲ. ವ್ಯಾಯಾಮದಲ್ಲಿ ಈ ಮೂರೂ ಮಾಡುವವರ ಹಿಡಿತದಲ್ಲಿರುತ್ತವೆ.

ಸಣ್ಣ ಮೈ, ಒಳಗೆ ಕೊಬ್ಬು

ಭಾರತೀಯರ ಮೈಕಟ್ಟಿಗೆ ಶಕ್ತಿ ವ್ಯಾಯಾಮ ವಿಶೇಷವಾಗಿ ಒಪ್ಪುತ್ತದೆ. ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಉದಾಹರಣೆಯಾಗಿ ಕೊಟ್ಟರು. ಇಬ್ಬರ ದೇಹದ್ರವ್ಯ ಸೂಚ್ಯಂಕವೂ (ಬಿಎಂಐ) 22.3. ಯುಡ್ಕಿನ್‌ರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್‌ರ ಮೈಯಲ್ಲಿ ಶೇ. 21.2. ಶ್ರೀರಂಗಪಟ್ಟಣದ ನೆರೆಯ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭವಾದ ಪಾರ್ಥೆನಾನ್ ಅಧ್ಯಯನ ಇದರ ಬೇರು ಹುಟ್ಟಿನಲ್ಲೇ ಇದೆ ಎಂದು ತೋರಿಸಿತು: ಇಲ್ಲಿನ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ ಕಡಿಮೆ ಇದ್ದರೂ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಅವುಗಳಿಗೆ ಕೊರತೆ ಇರಲಿಲ್ಲ.

ಆದ್ದರಿಂದಲೇ ಭಾರತೀಯರಿಗೆ ಅಳತೆಗೋಲು ಬಿಗಿಯಾಗಿದೆ. ಸೂಚ್ಯಂಕ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು 2009ರ ವೈದ್ಯರ ಒಮ್ಮತದ ಸೂಚಿ ಹೇಳಿತು. ಸೊಂಟದ ಸುತ್ತಳತೆಯ ಗಡಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದಿರುವ ವ್ಯಕ್ತಿ ಬರೀ ಉಪವಾಸದಿಂದ ತೂಕ ಇಳಿಸಿದರೆ ಮೊದಲೇ ಕಡಿಮೆಯಿದ್ದ ಮಾಂಸಖಂಡ ಇನ್ನಷ್ಟು ಸೊರಗುತ್ತದೆ.

ಊಟ

ಮಂಡ್ಯ ಸೀಮೆಯ ಊಟದಲ್ಲಿ ತೂಕ ಇಳಿಸುವವರಿಗೆ ಬೇಕಾದ ಸಾಮಗ್ರಿ ಬಹಳಷ್ಟಿದೆ. ಪ್ರಮಾಣ ಮಾತ್ರ ತಿರುಗುಮುರುಗಾಗಿದೆ. ರಾಗಿಯಲ್ಲಿ ನಾರು ಮತ್ತು ಕ್ಯಾಲ್ಸಿಯಂ ಹೇರಳ. ಪ್ರೋಟೀನ್ ಮಾತ್ರ 100 ಗ್ರಾಂ ಹಿಟ್ಟಿಗೆ ಏಳು ಗ್ರಾಂನಷ್ಟೇ. ಅಷ್ಟೇ ತೂಕದ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ. ಬಸ್ಸಾರು, ಉಪ್ಸಾರುಗಳಲ್ಲಿ ಕಾಳು ಬೇಯಿಸಿದ ಕಟ್ಟು ತಟ್ಟೆಗೆ ಬರುತ್ತದೆ, ಕಾಳು ಪಲ್ಯವಾಗಿ ಒಂದು ಮೂಲೆಯಲ್ಲಿ ಕೂರುತ್ತದೆ. ಪಲ್ಯ ಇಮ್ಮಡಿಯಾಗಿ ಮುದ್ದೆ ಚಿಕ್ಕದಾದರೆ ಊಟದ ರುಚಿ ಕೆಡದೆಯೇ ಲೆಕ್ಕ ಸರಿಹೋಗುತ್ತದೆ.

ಸಾಮಾನ್ಯ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿ ಮಾಡಿತು. ಊಟ ತಗ್ಗಿಸಿ ಭಾರ ಎತ್ತುವವರಿಗೆ 1.2ರಿಂದ 1.6 ಗ್ರಾಂ ಬೇಕಾಗುತ್ತದೆ. 70 ಕಿಲೋ ತೂಕದವರಿಗೆ ಅದು ಕನಿಷ್ಠ 84 ಗ್ರಾಂ. ಎರಡು ಮುದ್ದೆಗೆ ಬೇಕಾದ 200 ಗ್ರಾಂ ರಾಗಿಹಿಟ್ಟಿನಿಂದ 14, ಐವತ್ತು ಗ್ರಾಂ ಹುರುಳಿಯಿಂದ 11, ಎರಡು ಮೊಟ್ಟೆಯಿಂದ 12, ಅರ್ಧ ಲೀಟರ್ ಹಾಲು ಮೊಸರಿನಿಂದ 16, ಹಿಡಿ ಕಡಲೆಕಾಯಿ ಬೀಜದಿಂದ 7, ನೂರು ಗ್ರಾಂ ಕೋಳಿಮಾಂಸದಿಂದ 24 ಗ್ರಾಂನಷ್ಟು ಸಿಕ್ಕಿ ಲೆಕ್ಕ ತುಂಬುತ್ತದೆ. ಮಾಂಸ ತಿನ್ನದವರು ಅವರೆ, ಅಲಸಂದೆ, ಸೋಯಾ, ಪನೀರ್‌ಗಳಿಂದ ಆ ಪಾಲನ್ನು ತುಂಬಿಕೊಳ್ಳಬೇಕು. ಡಬ್ಬಿಯ ಪ್ರೋಟೀನ್ ಪುಡಿ ಅನುಕೂಲವಷ್ಟೇ, ಅನಿವಾರ್ಯವಲ್ಲ.

ಆಲೆಮನೆಗಳ ಸೀಮೆಯಲ್ಲಿ ಬೆಲ್ಲದ ಬಗ್ಗೆ ಒಂದು ಮಾತು ಹೇಳಲೇಬೇಕು. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆ ಇದೆ. ಎರಡರಲ್ಲೂ ಕ್ಯಾಲರಿ ಹೆಚ್ಚುಕಡಿಮೆ ಒಂದೇ.

ಅಭ್ಯಾಸದ ಕ್ರಮ

ಹೊಸಬರಿಗೆ ವಾರದಲ್ಲಿ ಎರಡು ಅಥವಾ ಮೂರು ದಿನ, ದಿನಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಎರಡು ಅಭ್ಯಾಸಗಳ ನಡುವೆ ಒಂದು ದಿನದ ಬಿಡುವಿರಬೇಕು. ಮೈಯ ಮುಖ್ಯ ಸ್ನಾಯುಗಳಿಗೆಲ್ಲ ಕೆಲಸ ಸಿಗಬೇಕಾದರೆ ಐದು ಬಗೆಯ ಚಲನೆ ಬೇಕು: ಕೂತೇಳುವುದು, ಬಗ್ಗಿ ಎತ್ತುವುದು, ದೂಡುವುದು, ಎಳೆಯುವುದು, ಹೊತ್ತು ನಡೆಯುವುದು.

ಜಿಮ್ ಇಲ್ಲದ ಹಳ್ಳಿಯಲ್ಲೂ ಇವೆಲ್ಲ ಸಾಧ್ಯ. ಕೂತೇಳಲು ಜಗಲಿಯೇ ಸಾಕು: ಜಗಲಿಯ ಅಂಚಿಗೆ ಕೂತು, ಕೈ ಊರದೆ ಏಳುವುದು. ಅದು ಹಗುರವಾದಾಗ ಪೂರ್ತಿ ಬಸ್ಕಿ, ಆಮೇಲೆ ಎದೆಗೆ ಐದು ಲೀಟರಿನ ನೀರಿನ ಕ್ಯಾನು ಅವುಚಿಕೊಂಡು ಬಸ್ಕಿ. ದೂಡಲು ಮೊದಲು ಗೋಡೆಗೆ ಕೈಕೊಟ್ಟು, ಬಳಿಕ ಜಗಲಿಗೆ, ಕೊನೆಗೆ ನೆಲಕ್ಕೆ. ಎಳೆಯಲು ಗಟ್ಟಿ ಮರದ ಕೊಂಬೆಗೆ ಕಟ್ಟಿದ ಹಗ್ಗ. ಹೊತ್ತು ನಡೆಯಲು ಎರಡು ಕೈಗೂ ಸಮನಾಗಿ ನೀರು ತುಂಬಿದ ಬಿಂದಿಗೆ ಅಥವಾ ಬಕೆಟ್.

ಬಗ್ಗಿ ಎತ್ತುವ ಚಲನೆಯನ್ನು ಎಚ್ಚರದಿಂದ ಕಲಿಯಬೇಕು. ಮರಳು ತುಂಬಿದ ಚೀಲದ ಹತ್ತಿರ, ಅದು ಪಾದಗಳ ನಡುವೆ ಬರುವಂತೆ ನಿಲ್ಲಬೇಕು. ಬೆನ್ನನ್ನು ಗೂನು ಮಾಡದೆ, ಹಿಂದಿನ ಗೋಡೆಗೆ ಪೃಷ್ಠ ತಾಗಿಸಲು ಹೋದಂತೆ ನಡುವನ್ನು ಹಿಂದಕ್ಕೆ ತಳ್ಳುತ್ತ ಮಂಡಿ ಸ್ವಲ್ಪ ಮಡಿಸಬೇಕು. ಹಿಡಿತ ಸಿಕ್ಕ ಮೇಲೆ ಉಸಿರು ತುಂಬಿ, ಚೀಲ ಮೈಗೆ ಒತ್ತಿಕೊಂಡೇ ಬರುವಂತೆ ನೆಲವನ್ನು ಕಾಲಿನಿಂದ ಒದ್ದು ನಿಲ್ಲಬೇಕು; ಮೇಲೇಳುತ್ತ ಉಸಿರು ಬಿಡಬೇಕು. ಬಹುಕಾಲ ಮೂಟೆ ಹೊತ್ತು ನಡು ಉಳಿಸಿಕೊಂಡ ಹಮಾಲಿಗಳು ಎತ್ತುವುದನ್ನು ಗಮನಿಸಿದರೆ ಈ ಪಾಠವೆಲ್ಲ ಅಲ್ಲಿಯೇ ಕಾಣುತ್ತದೆ.

ಒಂದೊಂದು ಚಲನೆಯನ್ನೂ ಎಂಟರಿಂದ ಹನ್ನೆರಡು ಸಲ, ನಡುವೆ ಒಂದೆರಡು ನಿಮಿಷ ಸುಧಾರಿಸಿಕೊಂಡು, ಎರಡು ಮೂರು ಸುತ್ತು ಮಾಡುವುದು ಸಾಮಾನ್ಯ ಕ್ರಮ. ಹನ್ನೆರಡು ಸಲ ಸಲೀಸಾದಾಗ ಭಾರ ಏರಿಸಿ ಮತ್ತೆ ಎಂಟಕ್ಕೆ ಇಳಿಯಬೇಕು. ಉಳಿದ ದಿನಗಳಲ್ಲಿ ನಡಿಗೆ ಇದ್ದರೆ ಎರಡೂ ಕೂಡುತ್ತವೆ. ಕರೀಘಟ್ಟದ ಮೆಟ್ಟಿಲು, ಮೇಲುಕೋಟೆಯ ಯೋಗನರಸಿಂಹನ ಬೆಟ್ಟ, ಪಾಂಡವಪುರದ ಕುಂತಿಬೆಟ್ಟ, ಆದಿಚುಂಚನಗಿರಿ ಇವೆಲ್ಲ ಉಸಿರಿಗೂ ತೊಡೆಗೂ ಒಟ್ಟಿಗೇ ಕೆಲಸ ಕೊಡುವ ತಾಣಗಳು.

ಹೆಂಗಸರು ಮತ್ತು ಹಿರಿಯರು

ಭಾರ ಎತ್ತಿದರೆ ಹೆಂಗಸರ ಮೈ ಗಂಡಸರಂತೆ ಉಬ್ಬುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಮಾಂಸಖಂಡವನ್ನು ದೊಡ್ಡದಾಗಿ ಬೆಳೆಸುವ ಟೆಸ್ಟೋಸ್ಟಿರಾನ್ ಹೆಂಗಸರಲ್ಲಿ ಬಹಳ ಕಡಿಮೆ. ಪಥ್ಯದಲ್ಲಿರುವಾಗಲಂತೂ ಹಾಗೆ ಬೆಳೆಯುವುದು ದೂರದ ಮಾತು. ದಿನವೂ ಒನಕೆ ಎತ್ತಿ, ರಾಗಿ ಬೀಸಿದ ಅಜ್ಜಿಯರ ತೋಳು ಗಟ್ಟಿಯಾಗಿತ್ತೇ ಹೊರತು ಪೈಲ್ವಾನರ ತೋಳಾಗಿರಲಿಲ್ಲ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವ ವೇಗ ಹೆಚ್ಚುತ್ತದೆ. ಆ ವಯಸ್ಸಿನ 101 ಹೆಂಗಸರ ಮೇಲೆ ಆಸ್ಟ್ರೇಲಿಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತುದಾರರ ಕಣ್ಣೆದುರು ವಾರಕ್ಕೆರಡು ದಿನ ಅರ್ಧ ಗಂಟೆ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಎಂಟು ತಿಂಗಳಲ್ಲಿ ಶೇ. 2.9 ಏರಿತು, ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ. 1.2 ಇಳಿಯಿತು.

ವಯಸ್ಸು ಮೀರಿತೆಂಬ ಕಾರಣವೂ ನಿಲ್ಲದು. ಬಾಸ್ಟನ್ನಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೃದ್ಧಾಶ್ರಮದ ತೊಂಬತ್ತರ ಆಸುಪಾಸಿನ ಹತ್ತು ಮಂದಿ ಎಂಟು ವಾರ ಕಾಲಿನ ಸ್ನಾಯುಗಳಿಗೆ ಭಾರ ಕೊಟ್ಟು ಅಭ್ಯಾಸ ಮಾಡಿದರು. ಅವರ ಬಲ ಸರಾಸರಿ ಶೇ. 174 ಹೆಚ್ಚಿತು. ಹಿರಿಯರು ಬರೀ ಪಥ್ಯದಿಂದ ತೂಕ ಇಳಿಸುವುದು ಮಾತ್ರ ಅಪಾಯದ ದಾರಿ. ಕಳೆದುಕೊಂಡ ಸ್ನಾಯುವನ್ನು ಆ ವಯಸ್ಸಿನಲ್ಲಿ ಮರಳಿ ಗಳಿಸುವುದು ಕಷ್ಟ. ಬಚ್ಚಲಲ್ಲಿ ಜಾರಿದಾಗ ಮೈಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಕಸುವೇ.

ತಪ್ಪು ತಿಳಿವಳಿಕೆ ಮತ್ತು ಎಚ್ಚರಿಕೆ

ಹೊಟ್ಟೆಗೆ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬುದು ಎಲ್ಲಕ್ಕಿಂತ ಹರಡಿರುವ ತಪ್ಪು ತಿಳಿವಳಿಕೆ. ಕೊಬ್ಬು ಎಲ್ಲಿಂದ ಇಳಿಯಬೇಕೆಂಬ ಆಯ್ಕೆ ನಮ್ಮದಲ್ಲ. ಬೆವರು ಹೆಚ್ಚು ಹರಿದಷ್ಟೂ ಕೊಬ್ಬು ಹೆಚ್ಚು ಕರಗುತ್ತದೆ ಎಂಬುದೂ ತಪ್ಪು. ಬೆವರಿನಲ್ಲಿ ಹೋಗುವುದು ನೀರು. ಮೊದಲೆರಡು ದಿನದ ಮೈಕೈ ನೋವು ಸಹಜ, ಆದರೆ ನೋವು ಹೆಚ್ಚಿದಷ್ಟೂ ಫಲ ಹೆಚ್ಚು ಎಂಬ ನಿಯಮವಿಲ್ಲ.

ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹೃದಯದ ತೊಂದರೆ, ಹರ್ನಿಯಾ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಭಾರಕ್ಕೆ ಕೈಹಾಕಬಾರದು. ಇನ್ಸುಲಿನ್ ಅಥವಾ ಕೆಲವು ಬಗೆಯ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ಕಸರತ್ತಿನ ನಂತರ ಸಕ್ಕರೆ ಅಂಶ ಕುಸಿಯಬಹುದು. ಉಸಿರು ಬಿಗಿಹಿಡಿದು ತಿಣುಕಿದರೆ ರಕ್ತದೊತ್ತಡ ಗಕ್ಕನೆ ಏರುತ್ತದೆ. 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ, ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇವೆ.

ಅಳೆಯುವ ಬಗೆ

ಭಾರ ಎತ್ತಲು ಶುರುಮಾಡಿದ ಮೊದಲ ವಾರಗಳಲ್ಲಿ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ. ಕೊಬ್ಬು ಇಳಿಯುತ್ತಿದ್ದರೂ ತಕ್ಕಡಿ ಅಲುಗದಿರಬಹುದು, ಅರ್ಧ ಕಿಲೋ ಏರಲೂಬಹುದು. ಬಹಳ ಮಂದಿ ಬಿಟ್ಟುಬಿಡುವುದು ಈ ಹಂತದಲ್ಲೇ. ಆದ್ದರಿಂದ ಅಳತೆಗಳು ಮೂರಿರಬೇಕು. ಒಂದು, ವಾರಕ್ಕೊಮ್ಮೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡುವ ತೂಕ. ಎರಡು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ದರ್ಜಿಯ ಟೇಪು ಸುತ್ತಿ ತಿಂಗಳಿಗೊಮ್ಮೆ ಬರೆದಿಡುವ ಸುತ್ತಳತೆ. ಮೂರು, ಎತ್ತಿದ ಭಾರ ಮತ್ತು ಹೊಡೆದ ಬಸ್ಕಿಯ ಲೆಕ್ಕ.

ತೂಕ ನಿಂತಿದ್ದು ಟೇಪು ಇಳಿದರೆ ಕೊಬ್ಬು ಕರಗುತ್ತಿದೆ. ತೂಕ ಇಳಿದು ಬಸ್ಕಿಯ ಲೆಕ್ಕವೂ ಇಳಿದರೆ ಮಾಂಸಖಂಡ ಹೋಗುತ್ತಿದೆ. ಊಟದಲ್ಲಿ ಕಾಳು ಹೆಚ್ಚಬೇಕು, ಪಥ್ಯ ಸ್ವಲ್ಪ ಸಡಿಲವಾಗಬೇಕು. ತೂಕವೂ ಟೇಪೂ ಇಳಿದು ಬಸ್ಕಿ ಏರುತ್ತಿದ್ದರೆ ಕಸರತ್ತಿನಲ್ಲೂ ಊಟದಲ್ಲೂ ಬದಲಿಸಬೇಕಾದ್ದು ಏನೂ ಇಲ್ಲ.